ಮಂಡಿ ನೋವಿಗೆ ಗಿಡಮೂಲಿಕೆ ಮತ್ತು ವ್ಯಾಯಾಮ: ಫ್ಲೋರೈಡ್ ನೀರಿನ ಊರುಗಳಿಗೆ ಸಂಶೋಧನೆ ಎಷ್ಟು ಅನ್ವಯಿಸುತ್ತದೆ?

ಪ್ರಶ್ನೆ: ಪಾವಗಡದ ಮೇಷ್ಟ್ರು

ನಾನು ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಹೊಸ ಸುದ್ದಿಯಲ್ಲ; ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳೇ ಅದನ್ನು ಹೇಳುತ್ತವೆ. ನನ್ನ ಪ್ರಶ್ನೆ ದೊಡ್ಡವರ ಕುರಿತದ್ದು. ಐವತ್ತರ ಆಸುಪಾಸಿನಲ್ಲೇ ಮಂಡಿ, ಸೊಂಟ ಮತ್ತು ಕುತ್ತಿಗೆ ನೋವೆಂದು ಕೂರಲು ಏಳಲು ಕಷ್ಟಪಡುವವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಲಕ್ಕಿ ಸೊಪ್ಪಿನ ಶಾಖ, ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆಯ ಕಟ್ಟು, ಅಮೃತಬಳ್ಳಿಯ ಕಷಾಯ ಇವು ಮೊದಲಿನಿಂದಲೂ ಬಳಕೆಯಲ್ಲಿವೆ. ಈಚೆಗೆ ಕೆಲವರು ಶಲ್ಲಕಿ (ಒಂದು ಮರದ ಅಂಟು) ಮತ್ತು ಅರಿಶಿನದ ಕ್ಯಾಪ್ಸೂಲ್‌ಗಳನ್ನು ತರಿಸಿಕೊಂಡು, ‘ಇದು ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಡಬ್ಬಿಯ ಮೇಲಿನ ಬರಹವನ್ನು ನನಗೆ ತೋರಿಸುತ್ತಾರೆ. ಇನ್ನು ಕೆಲವರು ಪಟ್ಟಣಕ್ಕೆ ಹೋಗಿ ಫಿಸಿಯೋಥೆರಪಿ ಮಾಡಿಸಿಕೊಂಡು ಬರುತ್ತಾರೆ. ಹುಣಸೆಹಣ್ಣು ತಿಂದರೆ ದೇಹದಲ್ಲಿರುವ ಫ್ಲೋರೈಡ್ ಹೊರಗೆ ಹೋಗುತ್ತದೆ ಎಂಬ ಸಂದೇಶವೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ.

ಈ ಸಸ್ಯಗಳ ಬಗ್ಗೆ ಮತ್ತು ವ್ಯಾಯಾಮ, ಶಾಖ, ಮಾಲೀಷಿನಂಥ ಚಿಕಿತ್ಸೆಗಳ ಬಗ್ಗೆ ನಡೆದಿರುವ ಪ್ರಯೋಗಗಳು ನಿಜವಾಗಿ ಏನನ್ನು ತೋರಿಸಿವೆ? ಅದಕ್ಕಿಂತ ಮುಖ್ಯವಾಗಿ, ಎಲ್ಲಿಯೋ ಮಂಡಿ ಸವೆತದ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶವನ್ನು ನಮ್ಮ ಊರಿನವರ ನೋವಿಗೆ ಹಾಗೆಯೇ ಅನ್ವಯಿಸಬಹುದೇ? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಭೌತಚಿಕಿತ್ಸಕಿ, ತುಮಕೂರು

ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮಂಡಿ ನೋವಿನ ಪ್ರಯೋಗಗಳಲ್ಲಿ ಬಹುಪಾಲು ನಡೆದಿರುವುದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನ ಮೃದ್ವಸ್ಥಿ ಸವೆಯುವ ಕಾಯಿಲೆಯ ಮೇಲೆ. ಫ್ಲೋರೈಡ್ ಹೆಚ್ಚಿರುವ ನೀರನ್ನು ಬಹುಕಾಲ ಕುಡಿಯುವುದರಿಂದ ಬರುವ ಅಸ್ಥಿ ಫ್ಲೋರೋಸಿಸ್ ಬೇರೆಯೇ ಕಾಯಿಲೆ. ಇದರಲ್ಲಿ ಫ್ಲೋರೈಡ್ ಮೂಳೆಯೊಳಗೆ ಸೇರಿಕೊಳ್ಳುತ್ತದೆ, ಮೂಳೆ ದಟ್ಟವಾಗಿ ಕಂಡರೂ ಪೆಡಸಾಗುತ್ತದೆ, ಕೀಲನ್ನು ಹಿಡಿದಿರುವ ಕಟ್ಟುಗಳಲ್ಲಿ (ಲಿಗಮೆಂಟ್) ಮತ್ತು ಬೆನ್ನುಹುರಿಯ ಸುತ್ತಲಿನ ಕಟ್ಟುಗಳಲ್ಲಿ ಸುಣ್ಣ ಕೂಡುತ್ತದೆ. ದಕ್ಷಿಣ ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಆರಂಭದಲ್ಲಿ ಎರಡೂ ಕಾಯಿಲೆಗಳ ದೂರು ಒಂದೇ ತೆರನಾಗಿರುವುದರಿಂದ ವಯಸ್ಸಾದ ನೋವೆಂದು ತಳ್ಳಿಹಾಕಿಬಿಡುವುದು ಸುಲಭ. ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ಹಳ್ಳಿಯಲ್ಲೇ ಮಾಡಿನೋಡಬಹುದಾದ ಮೂರು ಸರಳ ಪರೀಕ್ಷೆಗಳಿವೆ. ಫ್ಲೋರೋಸಿಸ್ ತಪಾಸಣೆಯಲ್ಲಿ ಇವನ್ನೇ ಬಳಸುತ್ತಾರೆ. ಮಂಡಿ ಮಡಿಸದೆ ಬಗ್ಗಿ ನೆಲ ಅಥವಾ ಕಾಲ್ಬೆರಳನ್ನು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ತೋಳುಗಳನ್ನು ಪಕ್ಕಕ್ಕೆ ಚಾಚಿ ಮಡಿಸಿ ಕೈಗಳಿಂದ ತಲೆಯ ಹಿಂಭಾಗವನ್ನು ಮುಟ್ಟುವುದು. ಬರೀ ಮಂಡಿ ಸವೆದವರಿಗೆ ಕುತ್ತಿಗೆ ಮತ್ತು ಭುಜ ಸಾಮಾನ್ಯವಾಗಿ ಸಲೀಸಾಗಿ ಆಡುತ್ತವೆ. ಮೂರರಲ್ಲೂ ತಡೆ ಕಾಣಿಸಿದರೆ, ಅದರಲ್ಲೂ ಮನೆಯ ಮಕ್ಕಳ ಹಲ್ಲಿನಲ್ಲಿ ಕಲೆಯಿದ್ದರೆ, ಅನುಮಾನ ಪಡಲು ಕಾರಣವಿದೆ. ಆಗ ಮುಂಗೈಯ ಒಂದು ಎಕ್ಸ್-ರೇ ಬಹಳ ಉಪಯೋಗಕ್ಕೆ ಬರುತ್ತದೆ: ಅಲ್ಲಿನ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂಡಿರುವುದು ಫ್ಲೋರೋಸಿಸ್‌ನ ವಿಶಿಷ್ಟ ಲಕ್ಷಣ. ಮಂಡಿಯ ಎಕ್ಸ್-ರೇಯನ್ನು ಮಾತ್ರ ತೆಗೆಸಿಕೊಂಡು ಬರುವವರಲ್ಲಿ ಇದು ಕಣ್ತಪ್ಪುತ್ತದೆ.

ಈಗ ವ್ಯಾಯಾಮದ ವಿಷಯ. ಮಂಡಿ ಸವೆತಕ್ಕೆ ವ್ಯಾಯಾಮದ ಮೇಲೆ ನಡೆದಷ್ಟು ಪ್ರಯೋಗಗಳು ಯಾವ ಮೂಲಿಕೆಯ ಮೇಲೂ ನಡೆದಿಲ್ಲ. ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2015ರ ವಿಮರ್ಶೆ 54 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ನೋವನ್ನು 0ಯಿಂದ 100ರವರೆಗೆ ಅಳೆದರೆ ಚಿಕಿತ್ಸೆ ಮುಗಿದ ಹೊತ್ತಿಗೆ ಸುಮಾರು 12 ಅಂಕಗಳಷ್ಟು ಇಳಿಕೆ ಕಂಡಿತ್ತು. 2024ರಲ್ಲಿ ಅದೇ ವಿಮರ್ಶೆಯನ್ನು ಇನ್ನೂ ಹೆಚ್ಚು ಪ್ರಯೋಗಗಳೊಂದಿಗೆ ಪರಿಷ್ಕರಿಸಿದಾಗ ಲಾಭ ಇನ್ನಷ್ಟು ಸಾಧಾರಣವಾಗಿ ಕಂಡಿತು, ರೋಗಿಗೆ ಅದು ಎದ್ದು ಕಾಣುವಷ್ಟು ದೊಡ್ಡದೇ ಎಂಬ ಸಂದೇಹವನ್ನೂ ಲೇಖಕರು ದಾಖಲಿಸಿದರು. ನಾನು ದಿನವೂ ಇದನ್ನೇ ಮಾಡಿಸುವವಳಾದರೂ ಈ ಮಾತನ್ನು ಮರೆಮಾಚುವುದಿಲ್ಲ. ಭೌತಚಿಕಿತ್ಸೆಯ ಪ್ರಯೋಗಗಳಿಗೆ ಒಂದು ಸ್ವಾಭಾವಿಕ ತೊಡಕೂ ಇದೆ. ಕ್ಯಾಪ್ಸೂಲಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಹುಸಿಗುಳಿಗೆಯನ್ನು ತಯಾರಿಸಬಹುದು. ಆದರೆ ತೊಡೆಯ ಸ್ನಾಯುವಿಗೆ ವ್ಯಾಯಾಮ ಮಾಡಿದವರಿಗೆ ಅದು ಗೊತ್ತಾಗದಂತೆ ಮಾಡಲು ಸಾಧ್ಯವಿಲ್ಲ. ಶಾಖ, ಮಾಲೀಷುಗಳಿಗೂ ಇದೇ ಮಾತು. ಜೊತೆಗೆ ಚಿಕಿತ್ಸಕರು ಅರ್ಧ ಗಂಟೆ ಕುಳಿತು ಮಾತನಾಡಿಸಿದ್ದರಿಂದಲೇ ಎಷ್ಟು ನೋವು ಇಳಿಯಿತು ಎಂಬುದನ್ನು ಬೇರ್ಪಡಿಸುವುದು ಕಷ್ಟ.

ಹಾಗಿದ್ದರೂ ಮಂಡಿ ಸವೆತದವರಿಗೆ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಕಾಲನ್ನು ನೇರ ಮಾಡಿ ತೊಡೆಯನ್ನು ಬಿಗಿಹಿಡಿಯುವುದು, ನಡಿಗೆ ಇವುಗಳನ್ನು ನಾನು ಮೊದಲು ಹೇಳುತ್ತೇನೆ, ಏಕೆಂದರೆ ಖರ್ಚಿಲ್ಲ, ಅಪಾಯ ಕಡಿಮೆ. ಲಕ್ಕಿ ಸೊಪ್ಪಿನ ಶಾಖದಿಂದ ಸ್ನಾಯು ಸಡಿಲವಾಗಿ ಕೆಲವು ಗಂಟೆ ಹಾಯೆನಿಸುತ್ತದೆ. ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಒಳ್ಳೆಯದು. ಮಧುಮೇಹದಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ಶಾಖದ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳಬೇಕು. ಎಕ್ಕದ ಎಲೆ ಕಟ್ಟುವವರು ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಲಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ (ಕಾರ್ನಿಯಾ) ಅದು ಗಂಭೀರ ಹಾನಿ ಮಾಡುತ್ತದೆ.

ಫ್ಲೋರೋಸಿಸ್ ಅನುಮಾನವಿದ್ದರೆ ಒಂದು ವಿಷಯದಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ. ಕುತ್ತಿಗೆಯನ್ನು ಚಟ್ಟೆನ್ನಿಸುವುದು, ಬೆನ್ನ ಮೇಲೆ ಹತ್ತಿ ತುಳಿಸಿಕೊಳ್ಳುವುದು, ಮಡಿಯದ ಕೀಲನ್ನು ಬಲವಂತವಾಗಿ ಎಳೆಯುವುದು ಬೇಡವೇ ಬೇಡ. ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿ ನರದ ನಾಳ ಕಿರಿದಾಗಿರುವವರಿಗೆ ಇದರಿಂದ ಮೂಳೆ ಮುರಿಯಬಹುದು, ನರಕ್ಕೆ ಪೆಟ್ಟಾಗಬಹುದು. ಕಾಲು ಮರಗಟ್ಟುತ್ತಿದ್ದರೆ, ನಡೆಯುವಾಗ ತೊಡರುತ್ತಿದ್ದರೆ, ಮೂತ್ರದ ಹಿಡಿತ ತಪ್ಪುತ್ತಿದ್ದರೆ ಎಣ್ಣೆಯೂ ಬೇಡ, ವ್ಯಾಯಾಮವೂ ಬೇಡ, ತಡಮಾಡದೆ ನರರೋಗ ತಜ್ಞರಲ್ಲಿಗೆ ಹೋಗಬೇಕು.

ಉತ್ತರ: ಆಯುರ್ವೇದ ವೈದ್ಯ, ಕೋಲಾರ

ಮೇಲಿನ ಉತ್ತರಕ್ಕೆ ಸಸ್ಯಗಳ ಭಾಗವನ್ನು ಸೇರಿಸುತ್ತೇನೆ. ಡಬ್ಬಿಯ ಮೇಲಿನ ‘ಸಾಬೀತಾಗಿದೆ’ ಎಂಬ ಮಾತಿನ ಹಿಂದೆ ಏನೂ ಇಲ್ಲವೆಂದಲ್ಲ. ಶಲ್ಲಕಿಯ ಮೇಲೆ 2003ರಲ್ಲಿ ನಾಗಪುರದಿಂದ ಪ್ರಕಟವಾದ ಪ್ರಯೋಗದಲ್ಲಿ ಮಂಡಿ ಸವೆತದ 30 ಮಂದಿಗೆ ಎಂಟು ವಾರ ಶಲ್ಲಕಿ ಸಾರ, ಎಂಟು ವಾರ ಹುಸಿಗುಳಿಗೆ ಎಂದು ಅದಲುಬದಲು ಮಾಡಿ ಕೊಟ್ಟಿದ್ದರು. ನೋವು ಇಳಿಯಿತು, ಮಂಡಿ ಹೆಚ್ಚು ಮಡಿಸಲು ಬಂತು, ನಡೆಯುವ ದೂರ ಹೆಚ್ಚಿತು. ಆದರೆ ಎಕ್ಸ್-ರೇಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಜಾಹೀರಾತಿನವರು ಈ ವಾಕ್ಯವನ್ನು ಬಿಟ್ಟುಬಿಡುತ್ತಾರೆ. ಮುಂದೆ 2014ರ ಕೊಕ್ರೇನ್ ವಿಮರ್ಶೆಯೂ ಬಾಯಿಂದ ಸೇವಿಸುವ ಮೂಲಿಕೆಗಳ ಪೈಕಿ ಶಲ್ಲಕಿಯ ಬಗ್ಗೆ ತಕ್ಕಮಟ್ಟಿಗೆ ಒಳ್ಳೆಯ ಮಾತನ್ನೇ ಹೇಳಿತು. ಅರಿಶಿನದ ಬಗ್ಗೆ ಥಾಯ್ಲೆಂಡ್‌ನಲ್ಲಿ 367 ಮಂದಿಯ ಮೇಲೆ ನಾಲ್ಕು ವಾರ ನಡೆದ ಪ್ರಯೋಗವಿದೆ. ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರವು 1200 ಮಿಲಿಗ್ರಾಂ ಐಬುಪ್ರೊಫೆನ್‌ಗೆ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿತು, ಹೊಟ್ಟೆಯ ತೊಂದರೆ ಕಡಿಮೆಯಿತ್ತು. ಇಲ್ಲಿ ಕೊಟ್ಟದ್ದು ಸಾರ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಅಷ್ಟು ಸಿಗುವುದಿಲ್ಲ.

ಇವೆರಡೂ ನೋವು ಮತ್ತು ಉರಿಯೂತವನ್ನು ತಗ್ಗಿಸುವ ಮದ್ದುಗಳು. ಮೂಳೆಯಲ್ಲಿ ಕೂತ ಫ್ಲೋರೈಡನ್ನು ಇವು ಹೊರತೆಗೆದವೆಂದು ಈ ಪ್ರಯೋಗಗಳಲ್ಲಿ ಯಾರೂ ಅಳೆದಿಲ್ಲ, ಹಾಗೆಂದು ಹೇಳಿಯೂ ಇಲ್ಲ. ಆದ್ದರಿಂದ ಪಾವಗಡದ ರೋಗಿಗೆ ಶಲ್ಲಕಿ ಕೊಟ್ಟಾಗ ಸ್ವಲ್ಪ ಹಗುರವಾಗಬಹುದು. ಅಷ್ಟರಲ್ಲೇ ಕಾಯಿಲೆ ವಾಸಿಯಾಗುತ್ತಿದೆ ಎಂದುಕೊಂಡು ಅದೇ ಕೊಳವೆಬಾವಿಯ ನೀರನ್ನು ಕುಡಿಯುತ್ತಿದ್ದರೆ ಮದ್ದಿನಿಂದಲೇ ಮೋಸ ಹೋದಂತೆ.

ಅಮೃತಬಳ್ಳಿಯ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಿಗೆ ಇಷ್ಟವಾಗದ ಮಾತೊಂದನ್ನು ಹೇಳಬೇಕಾಗಿದೆ. ಕೋವಿಡ್ ಕಾಲದಲ್ಲಿ ಜನ ಅದನ್ನು ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈಯಿಂದ ಆರು ಮಂದಿಯ ಪಿತ್ತಜನಕಾಂಗಕ್ಕೆ ಆದ ಹಾನಿಯ ವರದಿ ಬಂತು, ಮರುವರ್ಷ ದೇಶದ 13 ಕೇಂದ್ರಗಳಿಂದ 43 ಮಂದಿಯ ವರದಿ ಪ್ರಕಟವಾಯಿತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಬೆರೆತಿರಬಹುದೆಂಬ ಪ್ರಶ್ನೆ ಎತ್ತಿತು. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಬಳ್ಳಿಯನ್ನು ಬೇಲಿಯಿಂದ ಕಿತ್ತು ತರುವ ನಮ್ಮ ಜನಕ್ಕೆ ಅದರಿಂದ ಧೈರ್ಯ ಬರಬೇಕಾಗಿಲ್ಲ, ಗುರುತಿಸುವಾಗ ತಪ್ಪುವ ಸಾಧ್ಯತೆ ಅವರಿಗೇ ಹೆಚ್ಚು. ಕಾಮಾಲೆಯ ಹಿನ್ನೆಲೆ ಇರುವವರು, ಮದ್ಯಪಾನಿಗಳು ಮತ್ತು ಸ್ವನಿರೋಧಕ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇದನ್ನು ದಿನವೂ ಕುಡಿಯಬಾರದು.

ಕಷಾಯದ ಬಗ್ಗೆ ಇನ್ನೊಂದು ಸಂಗತಿಯಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಮಾತ್ರ ಆವಿಯಾಗುತ್ತದೆ. ನಾವು ಕಷಾಯವನ್ನು ಕಾಲುಭಾಗಕ್ಕೆ ಇಳಿಸುತ್ತೇವೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು 400 ಮಿಲಿಲೀಟರ್ ತೆಗೆದುಕೊಂಡು 100ಕ್ಕೆ ಇಳಿಸಿದರೆ, ಆ ಒಂದು ಲೋಟದಲ್ಲಿ ನಾಲ್ಕು ಲೋಟ ನೀರಿನ ಫ್ಲೋರೈಡ್, ಅಂದರೆ ಸುಮಾರು 1.2 ಮಿಲಿಗ್ರಾಂ, ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಕೀಲುನೋವಿಗೆಂದು ಎರಡು ಹೊತ್ತು ಕುಡಿಯುವವರು ಈ ಲೆಕ್ಕವನ್ನು ಹಾಕಿಕೊಳ್ಳಲಿ. ನಾನು ಕಷಾಯ ಬರೆದುಕೊಡುವಾಗ ಯಾವ ನೀರಿನಲ್ಲಿ ಕಾಯಿಸಬೇಕೆಂದೂ ಹೇಳುವುದು ಇದೇ ಕಾರಣಕ್ಕೆ.

ಉತ್ತರ: ಬಾಗೇಪಲ್ಲಿ ರೈತ

ನೀವೆಲ್ಲ ಹೇಳುವುದು ಸರಿ ಇರಬಹುದು. ಆದರೆ ಮೂವತ್ತು ಜನರ ಮೇಲೆ, ಮುನ್ನೂರು ಜನರ ಮೇಲೆ ಪ್ರಯೋಗ ಮಾಡಿದವರು ನಮ್ಮ ಊರಿಗೆ ಏಕೆ ಬರಲಿಲ್ಲ? ಸಿದ್ಧರಬೆಟ್ಟದಲ್ಲಿ, ದೇವರಾಯನದುರ್ಗದಲ್ಲಿ ಮೂಲಿಕೆಗಳಿಗೇನು ಬರವಿಲ್ಲ, ಬಲ್ಲ ನಾಟಿವೈದ್ಯರಿಗೂ ಬರವಿರಲಿಲ್ಲ. ನಮ್ಮ ಅಜ್ಜಂದಿರು ಇದೇ ಲಕ್ಕಿ, ಮಂಗರವಳ್ಳಿಯಲ್ಲಿ ಎಂಬತ್ತು ವರ್ಷ ನೆಟ್ಟಗೆ ನಡೆದರು. ಪ್ರಯೋಗವಿಲ್ಲ ಎಂದರೆ ಗುಣವಿಲ್ಲ ಎಂದು ಅರ್ಥ ಮಾಡಬೇಡಿ.

ಉತ್ತರ: ಭೌತಚಿಕಿತ್ಸಕಿ, ತುಮಕೂರು

ಗುಣವಿಲ್ಲವೆಂದು ಇಲ್ಲಿ ಯಾರೂ ಹೇಳಿಲ್ಲ. ನಿಮ್ಮ ಅಜ್ಜಂದಿರ ಮಾತಿಗೆ ಒಂದು ಉತ್ತರವಿದೆ: ಅವರು ಕುಡಿದದ್ದು ಕೆರೆಯ ಮತ್ತು ತೆರೆದ ಬಾವಿಯ ನೀರನ್ನು. ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ನೀರು ಗ್ರಾನೈಟ್ ಬಂಡೆಯೊಡನೆ ದೀರ್ಘಕಾಲ ಇದ್ದು, ಅದರ ಖನಿಜಗಳಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಮದ್ದು ಅದೇ ಇದೆ, ಕಾಯಿಲೆ ಬದಲಾಗಿದೆ. ಪ್ರಯೋಗಗಳು ನಮ್ಮ ಊರಿನಲ್ಲಿ ನಡೆಯಬೇಕೆಂಬ ನಿಮ್ಮ ಆಕ್ಷೇಪವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ದೇಶದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ನೋಂದಣಿಗೆ 2007ರಿಂದ ಸಿಟಿಆರ್‌ಐ ಎಂಬ ಜಾಲತಾಣವಿದೆ, ಆಯುಷ್ ಪ್ರಯೋಗಗಳೂ ಅಲ್ಲಿ ನೋಂದಣಿಯಾಗುತ್ತವೆ. ಮೇಷ್ಟ್ರಂಥವರು ಅಲ್ಲಿ ಹುಡುಕಿ, ಯಾರನ್ನು ಸೇರಿಸಿಕೊಂಡರು, ಯಾರನ್ನು ಹೊರಗಿಟ್ಟರು ಎಂಬ ಭಾಗವನ್ನು ಓದಿದರೆ ಡಬ್ಬಿಯ ಬರಹಕ್ಕಿಂತ ಹೆಚ್ಚು ತಿಳಿಯುತ್ತದೆ.

ಉತ್ತರ: ಪೋಷಣ ವಿಭಾಗದ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಹುಣಸೆಯ ಪ್ರಶ್ನೆಗೆ ಇನ್ನೂ ಯಾರೂ ಕೈಹಾಕಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಅಪರೂಪಕ್ಕೆ ಬುಡವಿರುವ ಸಂದೇಶ ಇದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಹುಡುಗರಿಗೆ 18 ದಿನ, ಮಧ್ಯಾಹ್ನದ ಊಟದ ಜೊತೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟಿದ್ದರು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂನಿಂದ 4.8 ಮಿಲಿಗ್ರಾಂಗೆ ಏರಿತು. ಹುಣಸೆಯು ಅಸ್ಥಿ ಫ್ಲೋರೋಸಿಸ್ ಮುಂದುವರಿಯುವುದನ್ನು ನಿಧಾನಗೊಳಿಸಲು ನೆರವಾಗಬಹುದೆಂದು ಅವರು ಬರೆದರು.

ಇಲ್ಲಿ ಅಳೆದದ್ದು ಮೂತ್ರವನ್ನು. ಯಾರ ಮಂಡಿ ನೋವು ಕಡಿಮೆಯಾಯಿತು, ಯಾರ ಕುತ್ತಿಗೆ ತಿರುಗಿತು ಎಂದು ನೋಡಿದ್ದಲ್ಲ. ಆ ಹುಡುಗರಿಗೆ ನೋವೇ ಇರಲಿಲ್ಲ. ಹೆಚ್ಚುವರಿಯಾಗಿ ಹೊರಹೋದದ್ದು ದಿನಕ್ಕೆ 1.3 ಮಿಲಿಗ್ರಾಂ. ಬಿಸಿಲಲ್ಲಿ ದುಡಿಯುವ ಒಬ್ಬರು ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ನಾಲ್ಕು ಲೀಟರ್ ಕುಡಿದರೆ ಒಳಗೆ ಹೋಗುವುದು 12 ಮಿಲಿಗ್ರಾಂ. ಹುಣಸೆ ಒಂದು ಕಡೆ ಚೊಂಬಿನಲ್ಲಿ ಮೊಗೆಯುತ್ತಿದ್ದರೆ ಇನ್ನೊಂದು ಕಡೆ ಬಿಂದಿಗೆಯಲ್ಲಿ ಸುರಿದಂತಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲವೇ ಇಲ್ಲದಿದ್ದಾಗ 1.5ರವರೆಗೆ. ಹುಣಸೆಯ ಆ ಅಧ್ಯಯನದಲ್ಲಿ ಮೆಗ್ನೀಸಿಯಂ ಮತ್ತು ಸತುವಿನ ವಿಸರ್ಜನೆ ಕಡಿಮೆಯಾದದ್ದೂ ದಾಖಲಾಗಿದೆ. ನಮ್ಮ ಸಾರು, ಗೊಜ್ಜುಗಳಲ್ಲಿ ಹುಣಸೆ ಹೇಗೂ ಇದೆ, ಅದನ್ನು ಬಿಡಬೇಡಿ. ಔಷಧಿಯೆಂದು ಮುದ್ದೆ ಮುದ್ದೆ ನುಂಗುವ ಅಗತ್ಯವೂ ಇಲ್ಲ.

ತುಳಸಿ ಎಲೆ, ನುಗ್ಗೆಬೀಜ ಹಾಕಿ ನೀರಿನ ಫ್ಲೋರೈಡ್ ತೆಗೆಯಬಹುದೆಂಬ ಸಂದೇಶಗಳೂ ಇದರ ಹಿಂದೆಯೇ ಬರುತ್ತವೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಕಂಡ ಫಲಿತಾಂಶವನ್ನು ಮನೆಯ ಕೊಡಕ್ಕೆ ನಂಬಿಕೊಳ್ಳಬಾರದು. ನುಗ್ಗೆಬೀಜ ಕೆಸರು ನೀರನ್ನು ತಿಳಿಯಾಗಿಸುತ್ತದೆ, ತಿಳಿಯಾದ ನೀರು ಫ್ಲೋರೈಡ್ ಇಲ್ಲದ ನೀರಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಡುಗೆಯ ನೀರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವ ಮನೆಗಳಲ್ಲೂ ಕುಡಿಯಲು ಮಾತ್ರ ಆ ನೀರು, ಮುದ್ದೆಯ ಎಸರಿಗೆ, ಅನ್ನಕ್ಕೆ, ಸಾರಿಗೆ, ಕಾಫಿಗೆ ಕೊಳವೆಬಾವಿಯ ನೀರು. ಮುದ್ದೆ ತನ್ನ ಎಸರನ್ನೆಲ್ಲ ಹೀರಿಕೊಳ್ಳುತ್ತದೆ. ಘಟಕದ ಯಂತ್ರ ಕೆಟ್ಟು ವಾರಗಟ್ಟಲೆ ನಿಂತಿರುವ ಊರುಗಳಲ್ಲಿ ಈ ಉಪದೇಶ ಕೇಳಲು ಕಹಿ ಎಂಬುದೂ ನನಗೆ ಗೊತ್ತು. ಒಂದು ಸಮಾಧಾನವೆಂದರೆ ರಾಗಿಯಲ್ಲಿ 100 ಗ್ರಾಂಗೆ 364 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳಿನಲ್ಲಿ ಫ್ಲೋರೈಡ್ ಹೀರಿಕೆ ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆ: ದೇಹದಿಂದ ಫ್ಲೋರೈಡ್ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ ಮೂತ್ರಪಿಂಡ ಕೆಟ್ಟರೆ ಫ್ಲೋರೈಡ್ ಇನ್ನಷ್ಟು ಒಳಗೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಪಾವಗಡದ ಮೇಷ್ಟ್ರು

ಎಲ್ಲರಿಗೂ ಧನ್ಯವಾದಗಳು. ಅಡುಗೆ ನೀರಿನ ಮಾತು ನಮ್ಮ ಮನೆಗೂ ತಾಗುತ್ತದೆ. ಶಾಲೆಯ ಮಕ್ಕಳಿಂದ ಆಯಾ ಮನೆಯ ಅಡುಗೆಯ ನೀರನ್ನು ತರಿಸಿ ಪರೀಕ್ಷೆಗೆ ಕಳುಹಿಸಬೇಕೆಂದಿದ್ದೇನೆ. ನೋವಿರುವ ಹಿರಿಯರಿಗೆ ಆ ಮೂರು ಚಲನೆಗಳನ್ನು ಮಾಡಿಸಿ ನೋಡಬಹುದೇ? ನೀರನ್ನು ಎಲ್ಲಿಗೆ, ಹೇಗೆ ಕಳುಹಿಸಬೇಕು?

ಉತ್ತರ: ಪೋಷಣ ವಿಭಾಗದ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಚಲನೆಗಳನ್ನು ಅವರವರೇ, ನೋವಾಗುವವರೆಗೆ ಮಾತ್ರ ಮಾಡಲಿ. ಮಕ್ಕಳು ತಳ್ಳುವುದು, ಒತ್ತುವುದು ಬೇಡ. ಅದರಿಂದ ರೋಗ ನಿರ್ಧಾರವಾಗುವುದಿಲ್ಲ, ಯಾರನ್ನು ಮೊದಲು ಎಕ್ಸ್-ರೇಗೆ ಮತ್ತು ಮೂತ್ರ ಪರೀಕ್ಷೆಗೆ ಕಳುಹಿಸಬೇಕೆಂಬುದು ತಿಳಿಯುತ್ತದೆ. ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008-09ರಿಂದ ಇದೆ, ಆದ್ದರಿಂದ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಆ ಹೆಸರು ಹಿಡಿದೇ ವಿಚಾರಿಸಿ. ನೀರಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ. ಜಲಜೀವನ್ ಮಿಷನ್ ಅಡಿಯಲ್ಲಿ ಸಾರ್ವಜನಿಕರೂ ಅಲ್ಲಿ ಮಾದರಿ ಕೊಡಬಹುದು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತರಬೇಡಿ, ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಸರಿ. ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿಸಿ, ಮನೆಯ ಹೆಸರಿನ ಜೊತೆ ಯಾವ ಕೊಳವೆಬಾವಿಯ ನೀರು ಎಂಬುದನ್ನೂ ಬರೆದಿಡಿಸಿ. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಕಳುಹಿಸಿದರೆ ಒಳ್ಳೆಯದು, ಏಕೆಂದರೆ ಒಂದೇ ಬಾವಿಯಲ್ಲಿಯೂ ಎರಡು ಕಾಲದ ಅಂಕಿಗಳು ಬೇರೆಯಾಗಬಹುದು.